ಅಮ್ಮ ಮಲಗಿದಾಳೆ, ಎಬ್ಬಿಸಬೇಡಿ

ಪುಟ್ಟ ಮಕ್ಕಳಿರೋ ಮನೆಯಲ್ಲಿ ಬಸುರಿಯ ಸುಸ್ತು ಅವಳೊಬ್ಬಳದಾಗಿ ಉಳಿಯೋದಿಲ್ಲ. ಮನೆಮಂದಿಯೆಲ್ಲ ಕೈಜೋಡಿಸಿ ದಿನಕ್ಕೊಂದು ಎಡವಟ್ಟು ಮಾಡ್ತಾನೇ ಇರ್ತಾರೆ.

ನಮ್ಮದು ಹಳೇಬೀಡು. ಯಜಮಾನರಿಗೆ ದಿನಸಿ ಅಂಗಡಿ. ಮಗಳು ಒಂದನೇ ಕ್ಲಾಸು, ಮಗನಿಗೆ ಮೂರು ವರ್ಷ. ಹೋದ ವರ್ಷ ಒಂದು ಬಸಿರು ಎರಡನೇ ತಿಂಗಳಲ್ಲೇ ಇಳಿದುಹೋಗಿತ್ತು. ಹಾಗಾಗಿ ಈ ಸಲ ಮೂರು ತಿಂಗಳು ತುಂಬೋವರೆಗೆ ಯಾರಿಗೂ ಹೇಳೋದು ಬೇಡ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ವಿ. ಮಕ್ಕಳಿಗೆ ಹೇಳಿದ್ದು ಇಷ್ಟೇ: "ಅಮ್ಮನಿಗೆ ಸುಸ್ತು. ಮಲಗಿದ್ದಾಗ ಎಬ್ಬಿಸಬಾರದು." ಅವರು ಅದನ್ನ ಇಷ್ಟು ನಿಷ್ಠೆಯಿಂದ ಪಾಲಿಸ್ತಾರೆ ಅಂತ ನಾವು ಅಂದುಕೊಂಡಿರಲಿಲ್ಲ.

ಆಪರೇಷನ್

ಒಂದು ಭಾನುವಾರ ಮಧ್ಯಾಹ್ನ ಕಣ್ಣು ಎಳೀತಿತ್ತು. ಮಕ್ಕಳು ಆಟಕ್ಕೆ ಬಾ ಅಂತ ಸೆರಗು ಜಗ್ತಿದ್ರು. ನಾನು ಉಪಾಯ ಮಾಡಿದೆ. "ಡಾಕ್ಟರ್ ಆಟ ಆಡೋಣ. ನೀವಿಬ್ಬರೂ ಡಾಕ್ಟರು, ನಾನು ಪೇಷೆಂಟು" ಅಂತ ಚಾಪೆ ಮೇಲೆ ಉರುಳಿಕೊಂಡೆ. ಆಮೇಲೆ ಏನಾಯ್ತೋ ಗೊತ್ತಿಲ್ಲ.

ಎದ್ದು ನೋಡಿದ್ರೆ ಮುಖದ ತುಂಬ ಕುಂಕುಮ, ಎರಡೂ ಕಾಲಿಗೆ ಯಜಮಾನರ ಪಂಚೆಯ ಬ್ಯಾಂಡೇಜು. ಅದನ್ನ ಬಿಚ್ಚಿಕೊಂಡು ಹೊರಗೆ ಬಂದೆ. ಪಕ್ಕದ ಮನೆಯವರು ಜಗಲಿ ಮೇಲೆ ಬಟ್ಟಲು ಹಿಡಿದು ಕೂತಿದ್ರು.

"ಯಾಕ್ರೀ ಇಲ್ಲೇ ಕೂತ್ರಿ?"

"ಹೆಪ್ಪಿಗೆ ಒಂಚೂರು ಮೊಸರು ಕೇಳೋಕೆ ಬಂದೆ ಕಣವ್ವ. ಒಳಗೆ ಆಪರೇಷನ್ ನಡೀತೈತೆ, ಪೇಷೆಂಟ್ ಕಡೆಯೋರು ಹೊರಗೇ ಕೂತ್ಕೊಬೇಕು ಅಂದ್ಲು ನಿನ್ನ ಮಗಳು." ನನ್ನ ಮುಖದ ಕೆಂಪು ನೋಡಿ ಅವರು ದನಿ ಇಳಿಸಿದ್ರು. "ಈಗ ಪರವಾಗಿಲ್ವಾ?"

ಸಾಸಿವೆ ಎಲ್ಲಿ?

ನಮ್ಮ ಮನೇಲಿ ಹೊತ್ತು ಮುಳುಗೋ ಮೊದಲೇ ಊಟ ಮುಗಿಸೋ ರೂಢಿ. ನನಗೋ ಒಗ್ಗರಣೆ ವಾಸನೆ ಬಂದ್ರೆ ಸಾಕು, ಹೊಟ್ಟೆ ತೊಳಸೋದು. ಪಾಪ, ಯಜಮಾನರು ಅಂಗಡಿಯಿಂದ ಬೇಗ ಬಂದು ತಾವೇ ಅಡುಗೆಮನೆಗೆ ನುಗ್ಗಿದ್ರು. ಮಗಳು ಅಡುಗೆಮನೆಗೂ ನನ್ನ ಹಾಸಿಗೆಗೂ ಓಡಾಡೋಕೆ ಶುರು ಮಾಡಿದ್ಲು.

"ಅಮ್ಮಾ, ಮಲಗಿದೀಯಾ?"

"ಹೂಂ."

"ಸರಿ, ಮಲಗಿರು. ಸಾಸಿವೆ ಎಲ್ಲಿದೆ ಅಂತ ಮಾತ್ರ ಹೇಳಿಬಿಡು."

ಹೀಗೇ ಬೇಳೆ, ಹುಣಸೆಹಣ್ಣು, ಇಕ್ಕಳ ಎಲ್ಲ ಕೇಳಿಕೊಂಡು ಹೋದ್ಲು. ಊಟಕ್ಕೆ ಕೂತಾಗ ನೋಡಿದ್ರೆ ಸಾರು ಬರೀ ಸಪ್ಪೆ.

"ಏನ್ರೀ ಇದು, ಉಪ್ಪೇ ಇಲ್ಲ?"

ಅವರು ತಲೆ ತಗ್ಗಿಸಿ ಹೇಳಿದ್ರು: "ಉಪ್ಪು ಎಲ್ಲಿದೆ ಅಂತ ಕೇಳೋಕೆ ನಾನೇ ಬಂದೆ. ಅಷ್ಟೊತ್ತಿಗೆ ನಿನಗೆ ನಿಜವಾಗ್ಲೂ ನಿದ್ದೆ ಬಂದಿತ್ತು."

ಆ ಸಪ್ಪೆ ಸಾರನ್ನ ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಬಿಕ್ಕೋಡಿನವರೆಗೆ

ತಪಾಸಣೆಗೆ ಬೇಲೂರಿಗೆ ಹೊರಟೆ. ಯಜಮಾನರು ಅಂಗಡಿಗೆ ಸಾಮಾನು ತರೋಕೆ ಅರಸೀಕೆರೆಗೆ ಹೋಗಿದ್ರು, ಮಗಳು ಸ್ಕೂಲಿಗೆ. ಜೊತೆಗಿದ್ದವನು ಮಗನೊಬ್ಬನೇ. ಹಿಂದಿನ ದಿನವೆಲ್ಲ ಭಯದಲ್ಲೇ ಕಳೆದಿದ್ದೆ. ಈ ಸಲವೂ ಡಾಕ್ಟರು ಮುಖ ಸಣ್ಣದು ಮಾಡಿಬಿಟ್ರೆ? ಬಸ್ಸಲ್ಲಿ ಕಿಟಕಿ ಗಾಳಿ ಬಡಿದಿದ್ದೇ ತಡ, ನಿದ್ದೆ ಹತ್ತಿಬಿಡ್ತು.

ಕಣ್ಣು ಬಿಟ್ಟಾಗ ಬಸ್ಸಿನಲ್ಲಿ ನಾವಿಬ್ಬರೇ. ಹೊರಗೆ ನೋಡಿದ್ರೆ, ಬೇಲೂರು ದಾಟಿ ಬಿಕ್ಕೋಡು!

"ಬೇಲೂರಲ್ಲಿ ಒಂದು ಕೂಗು ಹಾಕಬಾರದಾಗಿತ್ತಾ?" ಅಂತ ಕಂಡಕ್ಟರನ್ನ ಕೇಳಿದೆ.

"ಕೂಗಿದೆ ಕಣಮ್ಮ. ನಿಮ್ಮ ಹುಡುಗ ಬಾಯಿ ಮೇಲೆ ಬೆರಳಿಟ್ಟು, ಶ್! ಅಂತ ಗದರಿಸಿಬಿಟ್ಟ. ಇಳೀಬೇಡಿ, ಇದೇ ಬಸ್ಸು ವಾಪಸ್ ಹೋಗ್ತದೆ. ಇನ್ನೊಂದು ನಿದ್ದೆ ಮಾಡಿ."

ಅಂತೂ ಡಾಕ್ಟರಮ್ಮನ ಹತ್ತಿರ ತಲುಪಿದ್ವಿ. ಸ್ಕ್ಯಾನ್ ಮಾಡುವಾಗ ನಾನು ಅವರ ಮುಖಾನೇ ನೋಡ್ತಿದ್ದೆ. ಅವರು ಏನೋ ಗುಂಡಿ ಒತ್ತಿದ್ರು. ಕೋಣೆ ತುಂಬ ದಡದಡ ದಡದಡ ಅನ್ನೋ ಸದ್ದು, ಕೂಸಿನ ಎದೆಬಡಿತ. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಅಮ್ಮನ ಹೊಟ್ಟೇಲಿ ರೈಲು!" ಅಂತ ಮಗ ಕುಣಿದ.

"ಹೌದು ಕಣೋ," ಅಂದ್ರು ಡಾಕ್ಟರಮ್ಮ, "ಹಗಲೂ ರಾತ್ರಿ ನಿಲ್ಲದೇ ಓಡ್ತಿದೆ. ನಿಮ್ಮಮ್ಮನಿಗೆ ಸುಸ್ತಾಗದೇ ಇನ್ನೇನಾಗ್ತದೆ?"

ಬಸದಿಯಲ್ಲಿ

ಆ ಸಂತೋಷಕ್ಕೆ ಮಾರನೇ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಎಲ್ಲರೂ ಬಸ್ತಿಹಳ್ಳಿಯ ಬಸದಿಗೆ ಹೋದ್ವಿ. ಎತ್ತರಕ್ಕೆ ನಿಂತ ಪಾರ್ಶ್ವನಾಥ ಸ್ವಾಮಿ, ತಣ್ಣನೆಯ ಕಲ್ಲು. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಆಗ ಮಗ ಗಟ್ಟಿಯಾಗಿ ಕೇಳಿದ:

"ಸ್ವಾಮೀ, ನಿಂತೂ ನಿಂತೂ ನಿಮಗೆ ಸುಸ್ತಾಗಲ್ವಾ? ನಮ್ಮನೆಗೆ ಬಂದು ಸ್ವಲ್ಪ ಮಲಗಿ. ಅಮ್ಮ ಎದ್ದಿದಾಳೆ, ಹಾಸಿಗೆ ಖಾಲಿ ಇದೆ!"

ಯಜಮಾನರು ಕೆಮ್ಮಿದ್ರು. ಹಿಂದೆ ಕೂತು ಜಪ ಮಾಡ್ತಿದ್ದ ಅಜ್ಜಿಯೊಬ್ಬರು ಕಣ್ಣು ಬಿಟ್ಟು, ನನ್ನ ಮುಖಾನೇ ಒಂದು ಗಳಿಗೆ ನೋಡಿದ್ರು. ಅವರಿಗೆ ಎಲ್ಲ ಅರ್ಥವಾಗಿಬಿಟ್ಟಿತ್ತು. ನನ್ನ ಕೆನ್ನೆ ಸವರಿ ಮೆಲ್ಲಗೆ ಕೇಳಿದ್ರು: "ಎಷ್ಟು ತಿಂಗಳಾಯ್ತಮ್ಮ?"

ನಾನು ಬಾಯಿ ಬಿಡೋದರೊಳಗೆ ಮಗಳು ಮುಂದೆ ಬಂದ್ಲು.

"ಮಲಗಿ ಎರಡು ತಿಂಗಳಾಯ್ತು ಅಜ್ಜಿ. ಎದ್ದಿದ್ದು ಇವತ್ತೇ!"