ಜಗತ್ತಿನ ಬಡತನಕ್ಕೆ ನಾನು ಬರೆದ ಅರ್ಜಿ

ಒಂದು ಬೇಸಗೆ ರಜೆ ಪೂರ್ತಿ ಸಿಕ್ಕಿದರೆ ಜಗತ್ತಿನ ಬಡತನವನ್ನೂ ರೋಗವನ್ನೂ ಮುಗಿಸಿಬಿಡಬಹುದು ಎಂದು ನಾನು ಒಂದು ಕಾಲದಲ್ಲಿ ಗಟ್ಟಿಯಾಗಿ ನಂಬಿದ್ದೆ. ಆಗ ನಾನು ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ನಾಲ್ಕು ವರ್ಷವಾಗಿತ್ತು. ಉಳಿದ ಕೆಲಸವನ್ನೆಲ್ಲ ನಮ್ಮಂಥವರಿಗಾಗಿಯೇ ಬಿಟ್ಟಿದ್ದಾರೆ ಎಂಬ ಭಾವನೆ ಹಾಸ್ಟೆಲಿನಲ್ಲಿ ಎಲ್ಲರಿಗೂ ಇತ್ತು.

ಕಾರಣವಾದದ್ದು ಒಂದು ಭಾಷಣ. ಹೊರಗಿನಿಂದ ಬಂದ ಹಿರಿಯರೊಬ್ಬರು ನಮ್ಮ ಕಾಲೇಜಿನಲ್ಲಿ ಮಾತಾಡಿ, ಯಾವ ಯಾವ ದೇಶದಲ್ಲಿ ಜನ ಹಸಿದಿದ್ದಾರೆ, ಎಲ್ಲೆಲ್ಲಿ ಜ್ವರದಿಂದ ನಡುಗುತ್ತಿದ್ದಾರೆ ಎಂದು ವಿವರಿಸಿದರು. ಕೊನೆಗೆ, ಬಾಯಿ ಸತ್ತವರ ಪರವಾಗಿ ವಿದ್ಯಾವಂತ ತರುಣರು ಮಾತಾಡಬೇಕು ಎಂದರು. ನನಗೆ ಬಾಯಿ ಇತ್ತು. ನನ್ನ ಕೋಣೆಯ ಜೊತೆಗಾರ ಐತಪ್ಪನಿಗೆ ನನಗಿಂತ ದೊಡ್ಡ ಬಾಯಿ ಇತ್ತು. ಮರುದಿನವೇ 'ವಿಶ್ವ ದಾರಿದ್ರ್ಯ ಮತ್ತು ರೋಗ ನಿರ್ಮೂಲನ ವಿದ್ಯಾರ್ಥಿ ಸಂಘ' ಹುಟ್ಟಿತು. ನಾನು ಅಧ್ಯಕ್ಷ, ಐತಪ್ಪ ಕಾರ್ಯದರ್ಶಿ. ಸದಸ್ಯರು ಬೇರೆ ಯಾರೂ ಇರಲಿಲ್ಲ.

ಜಗತ್ತು ದೊಡ್ಡದು, ಎಲ್ಲಿಂದ ಹಿಡಿಯುವುದು ಎಂಬ ಚರ್ಚೆ ನಡೆಯಿತು. ಐತಪ್ಪ ಬಹಳ ಯೋಚಿಸಿ, ನಿನ್ನ ಊರು ಬೆಳ್ಳೂರಿನಿಂದಲೇ ಹಿಡಿಯೋಣ, ಅಲ್ಲಿ ನಿನ್ನ ಮಾವನ ಮನೆಯಲ್ಲಿ ಊಟ ಚೆನ್ನಾಗಿರುತ್ತದೆ ಎಂದ. ಠರಾವು ಸರ್ವಾನುಮತದಿಂದ ಪಾಸಾಯಿತು.

ನನ್ನ ಸೋದರಮಾವ ಊರಿನ ಪಟೇಲರು. ತಾಯಿಯ ಕಡೆಯಿಂದ ಮನೆತನ ಇಳಿದು ಬರುವ ಅಳಿಯಸಂತಾನದ ಮನೆ ನಮ್ಮದು, ಆದ್ದರಿಂದ ನಾನು, ಅಮ್ಮ ಎಲ್ಲರೂ ಅವರ ಯಜಮಾನಿಕೆಯಲ್ಲೇ ಇದ್ದವರು. ಮಾವನಿಗೆ ಎರಡು ಸಂಗತಿ ಪ್ರಾಣ. ಒಂದು ಎಲೆಯಡಿಕೆ, ಇನ್ನೊಂದು ಊರಿನ ಮರ್ಯಾದೆ.

ಮೊದಲ ವಾರ ನಾನು ಶಾಲೆಯ ಜಗಲಿಯಲ್ಲಿ ಚಳಿಜ್ವರದ ಬಗ್ಗೆ ಭಾಷಣ ಮಾಡಿದೆ. ಮನೆಯಲ್ಲೂ ಗದ್ದೆಯಲ್ಲೂ ತುಳು ಮಾತಾಡುವ ಜನರ ಎದುರು ನಾನು ಆಡಿದ್ದು ಕಾಲೇಜಿನ ಕನ್ನಡ. 'ಮಾನವಕುಲದ ಪರಮವೈರಿಯಾದ ಮಶಕ' ಎಂದು ಆರಂಭಿಸಿದೆ. ಮಶಕ ಎಂಬವನು ಯಾವ ಊರಿನವನು ಎಂದು ಹಿಂದೆ ಯಾರೋ ಪಕ್ಕದವರನ್ನು ಕೇಳಿದರು. ಸೊಳ್ಳೆ ಕಚ್ಚಿದರೆ ಜ್ವರ ಬರುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ ಒಬ್ಬ ಅಜ್ಜ ಎದ್ದು, ಹಾಗಾದರೆ ಸೊಳ್ಳೆಗೆ ಜ್ವರ ಯಾರಿಂದ ಬಂತು ಎಂದು ವಿನಯದಿಂದ ವಿಚಾರಿಸಿದರು. ಪ್ರಶ್ನೆ ಬಹಳ ಸರಿಯಾಗಿತ್ತು. ಸಮಯಾಭಾವದಿಂದ ಸಭೆ ಮುಗಿಯಿತು.

ಮಾತಿನಿಂದ ಆಗದು, ಬರವಣಿಗೆಯಿಂದ ಆಗಬೇಕು ಎಂದು ಸಂಘ ತೀರ್ಮಾನಿಸಿತು. ನಮ್ಮ ಊರಿನಲ್ಲಿ ಮದ್ದು ಸಿಗುತ್ತಿರಲಿಲ್ಲ. ಜ್ವರ ಏರಿದವರನ್ನು ಮುಳ್ಳೇರಿಯದವರೆಗೆ ಹೊತ್ತುಕೊಂಡು ಹೋಗಿ, ಅಲ್ಲಿಂದ ಬಸ್ಸು ಸಿಕ್ಕಿದರೆ ಕಾಸರಗೋಡು. ಆದ್ದರಿಂದ ಸರಕಾರಕ್ಕೆ ಒಂದು ಅರ್ಜಿ ಬರೆಯುವುದು, ಊರಿನವರೆಲ್ಲರ ಸಹಿ ಹಾಕಿಸುವುದು. ಅರ್ಜಿಗೆ ಸಾಕ್ಷ್ಯ ಬೇಕಲ್ಲ! ನೋಟುಪುಸ್ತಕ ಹಿಡಿದು ಮನೆಮನೆಗೆ ಹೊರಟೆವು. ನೀವು ದಿನಕ್ಕೆ ಎಷ್ಟು ಸಲ ಉಣ್ಣುತ್ತೀರಿ ಎಂಬುದು ನಮ್ಮ ಮೊದಲ ಪ್ರಶ್ನೆ.

ಮೂರು ಸಲ ಎಂದರು ಒಂದು ಮನೆಯವರು. ಪಕ್ಕದ ಮನೆಯವರೂ ಮೂರು ಸಲ. ಊರೆಲ್ಲ ಮೂರು ಸಲ. ಗುಡ್ಡದ ಬುಡದಲ್ಲಿ ಚೆನ್ನಕ್ಕ ಎಂಬ ಹೆಂಗಸು ಮಗಳು ಕಮಲೆಯೊಂದಿಗೆ ಇದ್ದಳು. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು, ಗದ್ದೆ ಕೆಲಸ ಮಾಡಿ ಬದುಕುತ್ತಿದ್ದಳು. ನಾವು ಹೋದಾಗ ಮಧ್ಯಾಹ್ನ ಕಳೆದಿತ್ತು. ಒಲೆಯಲ್ಲಿ ಬೆಂಕಿ ಹಾಕಿದ ಗುರುತೇ ಇರಲಿಲ್ಲ. ಊಟ ಆಯಿತಾ ಎಂದು ಕೇಳಿದೆ. ಆಯಿತು, ನಿಮ್ಮದು ಆಯಿತಾ ಎಂದು ಕೇಳಿ, ಕುಡಿಯಲು ನೀರು, ಬೆಲ್ಲ ತಂದಿಟ್ಟಳು. ನಾವು ಬೆಲ್ಲ ತಿಂದು, ಪುಸ್ತಕದಲ್ಲಿ 'ಮೂರು' ಎಂದು ಬರೆದುಕೊಂಡು ಬಂದೆವು.

ಈ ಲೆಕ್ಕ ಹಿಡಿದುಕೊಂಡು ಹೋದರೆ ಸರಕಾರ ನಮ್ಮಿಂದಲೇ ಅಕ್ಕಿ ಕೇಳೀತು ಎಂದ ಐತಪ್ಪ. ಆದ್ದರಿಂದ ಸತ್ಯವನ್ನು ನಾನು ಉಪ್ಪರಿಗೆಯಲ್ಲಿ ಕೂತು ಕಲ್ಪನೆಯಿಂದ ತಯಾರಿಸಿದೆ. ಇಂಗ್ಲಿಷಿನಲ್ಲಿ ಆರು ಪುಟ. ಇಲ್ಲಿಯ ಜನರು ಗೆಡ್ಡೆ ಗೆಣಸು ತಿಂದು ಪ್ರಾಣ ಹಿಡಿದುಕೊಂಡಿದ್ದಾರೆ, ಅಜ್ಞಾನದ ಕತ್ತಲಲ್ಲಿ ತೊಳಲುತ್ತಿದ್ದಾರೆ, ಊರಿನ ಮುಖಂಡರು ಕಣ್ಣು ಮುಚ್ಚಿ ಕುಳಿತಿದ್ದಾರೆ. ಊರಿನ ಮುಖಂಡರು ಎಂದರೆ ಮಾವ ಒಬ್ಬರೇ ಎಂಬುದು ಬರೆಯುವ ಆವೇಶದಲ್ಲಿ ನನಗೆ ಹೊಳೆಯಲಿಲ್ಲ. ಆಮೇಲೆ ಶಾಯಿ ಹಿಡಿದುಕೊಂಡು ಹೋಗಿ ಎಲ್ಲರ ಹೆಬ್ಬೆಟ್ಟು ಒತ್ತಿಸಿದೆವು. ಇದರಲ್ಲಿ ಎಂತ ಬರೆದಿದೆ ಎಂದು ಚೆನ್ನಕ್ಕ ಕೇಳಿದಳು. ಒಳ್ಳೆಯದೇ ಬರೆದಿದೆ ಎಂದ ಐತಪ್ಪ. ಅವಳು ನನ್ನ ಮುಖ ನೋಡಿದಳು. ನಾನೂ ಹೌದೆಂದೆ. ಒತ್ತಿದಳು. ಮಾವನ ಸಹಿ ಬೇಡ ಎಂದು ನಮಗೆ ಹೇಗೋ ಆಗಲೇ ಅನಿಸಿತ್ತು.

ಅರ್ಜಿ ಹೋಯಿತು. ನಾವು ಎಣಿಸದೆ ಇದ್ದದ್ದು ಒಂದೇ, ಅದನ್ನು ಯಾರಾದರೂ ಓದಬಹುದು ಎಂಬುದು. ಹದಿನೈದು ದಿನದೊಳಗೆ ಮಾವನ ಹೆಸರಿಗೆ ಕಾಗದ ಬಂತು. ಮಂಗಳೂರಿನಿಂದ ಆರೋಗ್ಯದ ಅಧಿಕಾರಿಯೊಬ್ಬರು ಊರು ನೋಡಲು ಬರುತ್ತಾರೆ.

ಮಾವನಿಗೆ ಆದ ಸಂತೋಷ ಹೇಳತೀರದು. ಸರಕಾರಿ ಅಧಿಕಾರಿ ಬೆಳ್ಳೂರಿಗೆ ಬರುವುದೆಂದರೆ ಸಣ್ಣ ಮಾತೇ? ಅಂಗಳಕ್ಕೆ ಚಪ್ಪರ ಬಿತ್ತು. ಶಾಲೆಗೆ ಸುಣ್ಣ ಬಳಿದರು. ಎಲ್ಲರೂ ಒಗೆದ ಬಟ್ಟೆ ಉಟ್ಟುಕೊಂಡು ಬರಬೇಕು, ಇಲ್ಲದವರಿಗೆ ಇದ್ದವರು ಕೊಡಬೇಕು, ಜ್ವರ ಇದ್ದವರು ಮಾತ್ರ ಮನೆಯಲ್ಲೇ ಇರಬೇಕು ಎಂದು ಮಾವನ ಅಪ್ಪಣೆಯಾಯಿತು. ರೋಗದ ಊರು ನೋಡಲು ಬರುವವರಿಗೆ ರೋಗಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತೋರಿಸುವ ವ್ಯವಸ್ಥೆ. ಅರ್ಜಿಯ ವಿಷಯ ಹೇಳಲು ನಾನು ಮೂರು ಸಲ ಮಾವನ ಎದುರು ನಿಂತೆ. ಮೂರು ಸಲವೂ ಅವರು, ನನ್ನ ಭಾಷಣದ ಸುದ್ದಿ ಮಂಗಳೂರಿಗೆ ಮುಟ್ಟಿದೆ ಎಂದೇ ತಿಳಿದು, ಎಲ್ಲ ನಿನ್ನ ಕಾಲೇಜಿನ ಪುಣ್ಯ ಮಾರಾಯ ಎಂದು ಬೆನ್ನು ತಟ್ಟಿದರು. ತಟ್ಟಿಸಿಕೊಂಡು ಹಿಂದೆ ಬಂದೆ.

ಅಧಿಕಾರಿ ಸಣಕಲು ಮನುಷ್ಯ. ಬಿಸಿಲಿನಲ್ಲಿ ನಡೆದು ಬಂದು ಬಳಲಿದ್ದರು. ಊರಿನ ಜನ ಬಣ್ಣಬಣ್ಣದ ಸೀರೆ, ಬಿಳಿ ಪಂಚೆಗಳಲ್ಲಿ ಮದುವೆಗೆ ಬಂದ ಹಾಗೆ ಕೂತಿದ್ದರು. ಒಳಗಿನಿಂದ ಕೋಳಿ ಪದಾರ್ಥದ ಪರಿಮಳ. ಅಧಿಕಾರಿ ಒಮ್ಮೆ ಜನರನ್ನು ನೋಡಿದರು, ಒಮ್ಮೆ ಕೈಯಲ್ಲಿದ್ದ ಆರು ಪುಟ ನೋಡಿದರು. ಬೇರೆ ಊರಿಗೆ ಬಂದೆನೋ ಎಂಬ ಸಂಶಯ ಅವರಿಗೆ ಬಂದದ್ದು ಮುಖದಲ್ಲೇ ಕಾಣುತ್ತಿತ್ತು.

ದಿನಕ್ಕೆ ಎಷ್ಟು ಸಲ ಊಟ ಎಂದು ಅವರೂ ಕೇಳಿದರು. ಮೂರು ಸಲ ಎಂದಿತು ಊರು, ಒಂದೇ ಬಾಯಲ್ಲಿ. ಗೆಡ್ಡೆ ಗೆಣಸು ತಿನ್ನುವುದುಂಟೋ ಎಂದು ಕೇಳಿದರು. ಮಾವ ಹಿಗ್ಗಿ, ಮರಗೆಣಸು ನಾವೂ ತಿನ್ನುತ್ತೇವೆ, ಮೀನಿನ ಸಾರಿನೊಟ್ಟಿಗೆ ಅದರ ರುಚಿಯೇ ಬೇರೆ, ಇವತ್ತು ಮಾಡಿಸಿಲ್ಲವಲ್ಲ ಎಂದು ಪೇಚಾಡಿದರು.

ಅಧಿಕಾರಿ ಅರ್ಜಿಯನ್ನು ಬಿಡಿಸಿ, ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿ ಎಲ್ಲರಿಗೂ ಕೇಳುವ ಹಾಗೆ ಹೇಳತೊಡಗಿದರು. ನಾನು ಇಂಗ್ಲಿಷಿನಲ್ಲಿ ಬರೆದದ್ದು ಕನ್ನಡದಲ್ಲಿ ಹಾಗೆ ಕೇಳೀತೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿಯ ಜನ ಏನೂ ತಿಳಿಯದವರು. ಇಲ್ಲಿಯ ತಾಯಂದಿರಿಗೆ ಮಕ್ಕಳನ್ನು ಸಾಕಲು ಬಾರದು. ಇಲ್ಲಿಯ ಮುಖಂಡರು ಕಣ್ಣು ಮುಚ್ಚಿ ಕೂತಿದ್ದಾರೆ. ಮಾವನ ಬಾಯಿಯಲ್ಲಿ ಎಲೆಯಡಿಕೆ ಅಗಿಯುವುದು ನಿಂತಿತು. ಜನ ಸಿಟ್ಟಾಗಲಿಲ್ಲ. ಒಬ್ಬರನ್ನೊಬ್ಬರು ನೋಡದೆ, ಎರವಲು ತಂದ ಬಟ್ಟೆಯ ಸೆರಗು ಸರಿಪಡಿಸಿಕೊಂಡು ನೆಲ ನೋಡಿದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

"ಇದು ಬರೆದದ್ದು ಯಾರು?" ಎಂದರು ಅಧಿಕಾರಿ.

ಕಾರ್ಯದರ್ಶಿ ಐತಪ್ಪನಿಗೆ ಆಗಲೇ ಅಡುಗೆಮನೆಯ ಮೇಲ್ವಿಚಾರಣೆಯ ತುರ್ತು ಒದಗಿತ್ತು. ಅಧ್ಯಕ್ಷನಾದ ನಾನು ಎದ್ದು ನಿಂತೆ.

ಅಧಿಕಾರಿ ನನ್ನನ್ನು ಗದರಿಸಲೂ ಇಲ್ಲ. ಊರಿನಲ್ಲಿ ಎಲ್ಲ ಸುಖ ಇರುವಾಗ ಮೇಲಿನವರಿಗೆ ಎಂತ ಬರೆಯುವುದು, ಹಾಗೆಯೇ ಬರೆಯುತ್ತೇನೆ ಎಂದು ಕಾಗದ ಮಡಚತೊಡಗಿದರು. ಆಗ ಹೆಂಗಸರ ನಡುವಿನಿಂದ ಚೆನ್ನಕ್ಕ ಎದ್ದಳು. ಕಮಲೆಯನ್ನು ಸೊಂಟದಲ್ಲಿ ಎತ್ತಿಕೊಂಡಿದ್ದಳು. ಜ್ವರದ ಮಗುವನ್ನು ತರಬಾರದೆಂಬ ಅಪ್ಪಣೆಯನ್ನು ಮೀರಿ, ಸೆರಗಿನೊಳಗೆ ಮುಚ್ಚಿ ತಂದಿದ್ದಳು.

"ಸ್ವಾಮಿ, ಮೂರು ಸಲ ಅಂತ ನಾನೂ ಹೇಳಿದ್ದು. ಹತ್ತು ಜನರ ಎದುರು ಮತ್ತೆ ಎಂತ ಹೇಳುದು? ಊಟ ಕೇಳ್ಲಿಕ್ಕೆ ನಾನು ನಿಂತದ್ದಲ್ಲ. ಕೆಲಸಕ್ಕೆ ಹೋದರೆ ಗಂಜಿ ಉಂಟು. ಜ್ವರ ಬಂದರೆ ಕೆಲಸ ಇಲ್ಲ, ಗಂಜಿಯೂ ಇಲ್ಲ. ಇವಳ ಅಪ್ಪನನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು ಹೋದೆವು. ಮುಳ್ಳೇರಿಯ ಮುಟ್ಟುವ ಮೊದಲೇ ಮುಗಿದ. ಈಗ ಇವಳಿಗೆ ಶುರುವಾಗಿದೆ. ಗುಳಿಗೆ ನಮ್ಮ ಊರಿಗೆ ಬರ್ಲಿ. ಅಷ್ಟೇ."

ಬಡತನಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ನಾನು ಅರ್ಜಿಯಲ್ಲಿ ಎರಡು ಪುಟ ವಿವರಿಸಿದ್ದೆ. ಅವಳು ಎರಡು ಮಾತಿನಲ್ಲಿ ಮುಗಿಸಿದಳು.

ಅಧಿಕಾರಿ ಮಗುವನ್ನು ಮಣೆಯ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಎಡಬದಿಯಲ್ಲಿ ಚಳಿಜ್ವರಕ್ಕೆ ಗುಲ್ಮ ಊದಿ ಜ್ವರಗಡ್ಡೆ ಬೆಳೆದಿತ್ತು. ಇನ್ನು ಯಾರ ಮನೆಯಲ್ಲಿ ಹೀಗೆ ಉಂಟು ಎಂದು ಕೇಳಿದರು. ಎಲ್ಲರೂ ಮಾವನನ್ನು ನೋಡಿದರು. ಮಾವ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು.

"ನನ್ನ ತಂಗಿಯೇ ಒಳಗೆ ಮಲಗಿದ್ದಾಳೆ. ದಿನ ಬಿಟ್ಟು ದಿನ ನಡುಗುತ್ತಾಳೆ. ಪಟೇಲನ ಮನೆ ಅಂತ ನಾನು ಹೇಳ್ಲಿಲ್ಲ."

ಮಾವನ ತಂಗಿ ಎಂದರೆ ನನ್ನ ಅಮ್ಮ.

ಅಮ್ಮ ಒಳಗೆ ಅಡುಗೆಯ ಗಡಿಬಿಡಿಯಲ್ಲಿ ಇದ್ದಾಳೆ ಎಂದೇ ನಾನು ತಿಳಿದಿದ್ದೆ. ಓಡಿ ಹೋದೆ. ಮೂಲೆಯ ಕೋಣೆಯಲ್ಲಿ ಎರಡು ಕಂಬಳಿ ಹೊದ್ದು ಮಲಗಿದ್ದಳು. ಹಲ್ಲು ಕಟಕಟಿಸುತ್ತಿತ್ತು. ನಾನು ಊರಿಗೆ ಬಂದು ತಿಂಗಳಾಗುತ್ತ ಬಂದಿತ್ತು. ಅವಳಿಗೆ ನಡುಕ ಬರುವ ಹೊತ್ತಿನಲ್ಲಿ ನಾನು ಒಂದೋ ಬೇರೆಯವರ ಮನೆಯಲ್ಲಿ ಊಟದ ಲೆಕ್ಕ ಕೇಳುತ್ತಿದ್ದೆ, ಇಲ್ಲವೇ ಉಪ್ಪರಿಗೆಯಲ್ಲಿ ಕೂತು ಊರಿನ ಜ್ವರದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಯಾಕಮ್ಮ ಹೇಳಲಿಲ್ಲ ಎಂದೆ.

"ನೀನು ಎಂತದೋ ದೊಡ್ಡ ಕೆಲಸದಲ್ಲಿ ಇದ್ದಿ," ಎಂದಳು. "ಸಾಹೇಬರಿಗೆ ಬಡಿಸಿ ಆಯಿತಾ?"

ಆಮೇಲೆ ಸುಳ್ಳು ನಿಂತಿತು. ಒಬ್ಬೊಬ್ಬರೇ ಎದ್ದು ತಮ್ಮ ಮನೆಯಲ್ಲಿ ಮಲಗಿದವರ ಹೆಸರು ಹೇಳಿದರು. ಅಧಿಕಾರಿ ಊಟವನ್ನೂ ಮರೆತು, ನಾಲ್ಕಾರು ಮನೆಗಳಿಗೆ ನಡೆದು ನೋಡಿ ಬಂದರು. ಚೀಲದಲ್ಲಿದ್ದ ಗುಳಿಗೆಗಳನ್ನು ಅಮ್ಮನಿಗೂ ಕಮಲೆಗೂ ಹಂಚಿದರು. ಹೊರಡುವ ಮೊದಲು ಆರು ಪುಟವನ್ನು ನನ್ನ ಕೈಗೆ ಕೊಟ್ಟು, ಇದನ್ನು ಮೇಲೆ ಕಳಿಸಿದರೆ ಅಲ್ಲಿಯವರು ನಗುತ್ತಾರೆ, ಆ ಹೆಂಗಸು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದರು.

ಜಗಲಿಯಲ್ಲಿ ಕೂತು ಬರೆಯತೊಡಗಿದೆ. ಚೆನ್ನಕ್ಕ ಎದುರು ನಿಂತು ಹೇಳಿದಳು. ಬರೆದದ್ದನ್ನು ಓದಿ ತೋರಿಸಬೇಕೆಂದು ಮೊದಲೇ ಷರತ್ತು ಹಾಕಿದ್ದಳು. 'ದಯಾಮಯರಾದ ತಮ್ಮಲ್ಲಿ ದೀನರಾದ ನಾವು' ಎಂದು ಓದಿದೆ. ದೀನರು ಅಂದರೆ ಯಾರು ಎಂದು ಕೇಳಿದಳು. ವಿವರಿಸಿದೆ. ಅದು ಬೇಡ, ತೆಗೆಯಿರಿ ಎಂದಳು. ತೆಗೆದೆ. 'ಕರುಣೆ ತೋರಿ' ಎಂಬುದೂ ಹೋಯಿತು. ಕೊನೆಗೆ ಏಳು ಸಾಲು ಉಳಿಯಿತು. ಮಾವ ಮೊದಲು ಸಹಿ ಹಾಕಿದರು, ತಮ್ಮ ಮನೆಯ ಜ್ವರವನ್ನು ಮೊದಲ ಸಾಲಿನಲ್ಲೇ ಬರೆಸಿ. ಚೆನ್ನಕ್ಕ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಸ್ವಲ್ಪ ತಡೆದಳು.

"ಸಣ್ಣ ಧಣಿಗಳೇ, ಮೊದಲು ಒತ್ತಿದ ಹೆಬ್ಬೆಟ್ಟು ವಾಪಸು ಸಿಗ್ತದಾ?"

ತಪ್ಪಾಯಿತು ಚೆನ್ನಕ್ಕ ಎಂದೆ. ಅವಳು ತಲೆಯಾಡಿಸಿ, ಹೊಸ ಹಾಳೆಯಲ್ಲಿ ಒತ್ತಿದಳು. ಕ್ಷಮಿಸಿದಳೋ, ಬರಿದೆ ಹೊತ್ತಾಯಿತೆಂದು ಒತ್ತಿದಳೋ ಇವತ್ತಿಗೂ ಗೊತ್ತಿಲ್ಲ.

ರಜೆ ಮುಗಿದು ನಾವು ಮಂಗಳೂರಿಗೆ ಹಿಂದಿರುಗಿದೆವು. ಸಂಘದ ಎರಡನೆಯ ಸಭೆ ನಡೆಯಲೇ ಇಲ್ಲ. ಐತಪ್ಪನಿಗೆ ಆ ದಿನದ ಕೋಳಿ ಪದಾರ್ಥದ ನೆನಪು ಮಾತ್ರ ಉಳಿದಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಶಾಲೆಯ ಜಗಲಿಯಲ್ಲಿ ಜನ ಸಾಲಾಗಿ ನಿಂತಿದ್ದರು. ವಾರಕ್ಕೊಮ್ಮೆ ಕಂಪೌಂಡರರೊಬ್ಬರು ಗುಳಿಗೆ ತಂದು ಕೊಡುತ್ತಿದ್ದರು. ಅಮ್ಮನ ನಡುಕ ನಿಂತಿತ್ತು. ಕಮಲೆಯ ಹೊಟ್ಟೆಯ ಗಡ್ಡೆ ಪೂರ್ತಿ ಇಳಿಯಲು ಮತ್ತೆ ಎರಡು ವರ್ಷ ಹಿಡಿಯಿತು, ಆದರೆ ಇಳಿಯಿತು. ಯಾರ ಮನೆಯವರು ಬರಲಿಲ್ಲ, ಯಾರು ಗುಳಿಗೆಯನ್ನು ಕಹಿ ಎಂದು ಬೇಲಿಗೆ ಎಸೆದರು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಚೆನ್ನಕ್ಕ. ಅವಳು ಕರೆದರೆ ಜನ ಬರುತ್ತಿದ್ದರು. ಅವಳು ತುಳುವಿನಲ್ಲಿ ಕರೆಯುತ್ತಿದ್ದಳು, ಮಶಕನ ಸುದ್ದಿ ಎತ್ತುತ್ತಿರಲಿಲ್ಲ.

ನಾನು ಒಂದು ಬದಿಯಲ್ಲಿ ನಿಂತು ನೋಡುತ್ತಿದ್ದೆ. ಎದೆ ಸ್ವಲ್ಪ ಉಬ್ಬಿತ್ತು ಎಂದು ಒಪ್ಪಿಕೊಳ್ಳಬೇಕು. ಹೇಗಿದ್ದರೂ ಆ ಏಳು ಸಾಲಿನ ಅಕ್ಷರ ನನ್ನದಲ್ಲವೇ? ಕಂಪೌಂಡರರು ನನ್ನನ್ನು ಕಂಡು, ಇವರು ಯಾರು ಎಂದು ಚೆನ್ನಕ್ಕನನ್ನು ಕೇಳಿದರು. ನಾನು ಪಂಚೆ ಸರಿಪಡಿಸಿಕೊಂಡು ನಿಂತೆ.

"ಅವರಾ? ಪಟೇಲರ ಅಳಿಯ. ಮಂಗಳೂರಿನಲ್ಲಿ ಕಲಿಯುದು," ಎಂದಳು ಚೆನ್ನಕ್ಕ. "ಅಕ್ಷರ ಚಂದ ಉಂಟು. ಎಂತ ಬರೀಬೇಕು ಅಂತ ನಾವು ಹೇಳಿಕೊಟ್ಟರೆ ಆಯ್ತು."

ಕಾಲೇಜು ಬಿಟ್ಟ ಮೇಲೆ ನನಗೆ ಹಲವರು ಯೋಗ್ಯತಾಪತ್ರ ಬರೆದುಕೊಟ್ಟಿದ್ದಾರೆ. ಇಷ್ಟು ಸರಿಯಾದದ್ದನ್ನು ಯಾರೂ ಕೊಡಲಿಲ್ಲ.