ನಾಯಿಕೊಡೆ ಕಾಳಗ

ಎಲೈ ವಾಗ್ದೇವಿಯೇ, ಸೂಕ್ಷ್ಮದರ್ಶಕದ ಮಸೂರದಲ್ಲಿ ಅರೆಗಳಿಗೆ ನೆಲೆಸು! ಜೀವಕೋಟಿಯನ್ನೆಲ್ಲ ಸಾಮ್ರಾಜ್ಯ, ವಿಭಾಗ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದವೆಂಬ ಒಂದರೊಳಗೊಂದಿರುವ ಏಳು ಕೋಟೆಗಳಲ್ಲಿ ಕೂಡಿಹಾಕಿ ಮಾನವನು ಮೀಸೆ ತಿರುವುತ್ತಿದ್ದ ಯುಗದಲ್ಲಿ, ತುಂಗಭದ್ರೆಯ ದಡದ ಕಾಲೇಜೊಂದರಲ್ಲಿ, ಶುಷ್ಕಪತ್ರಸಂಚಯರಕ್ಷಣದೀಕ್ಷಿತರೂ ತುಂಬೆಗರಿಕೆಗಳ ಗೋತ್ರಪ್ರವರಪಾರಂಗತರೂ ಆದ ಸಸ್ಯಶಾಸ್ತ್ರದ ಹಾಲಪ್ಪ ಮೇಷ್ಟ್ರು ಹೂಡಿದ ಮಹಾಸಮರವನ್ನು ಕೇಳಿರಿ.

ಸಮರಕ್ಕೆ ಕಾರಣ ಒಂದು ಕಬ್ಬಿಣದ ಕಪಾಟು. ಮೇಷ್ಟ್ರು ಪ್ರಾಯದಿಂದಲೂ ಒಣಗಿಸಿ ಅಂಟಿಸಿಟ್ಟ ಗಿಡಗಳ ಹಾಳೆಗಳನ್ನು ಗೆದ್ದಲು ಮೇಯುತ್ತಿತ್ತು. ಕಪಾಟು ಸಿಗದಿದ್ದರೆ ಜೀವಮಾನದ ದುಡಿಮೆಯೇ ಮಣ್ಣುಪಾಲು. ಅದೇ ಕಪಾಟಿನ ಮೇಲೆ ಕಣ್ಣಿಟ್ಟವರು ಪ್ರಾಣಿಶಾಸ್ತ್ರದ ವಿಶಾಲಾಕ್ಷಿ ಮೇಡಂ, ಕಪ್ಪೆ ಹಾವುಗಳನ್ನು ಮುಳುಗಿಸಿಟ್ಟ ಸಕಲಭರಣಿಮಂಡಲಾಧೀಶ್ವರಿ. ಇಬ್ಬರ ಕಾಟ ತಾಳಲಾರದೆ, ವಾಣಿಜ್ಯ ಓದಿಕೊಂಡಿದ್ದ ಪ್ರಿನ್ಸಿಪಾಲರು ಅಂಗಳದಲ್ಲೆದ್ದಿದ್ದ ನಾಯಿಕೊಡೆಯೊಂದನ್ನು ಕಿತ್ತು ತಂದು ತಮ್ಮ ಮೇಜಿನ ಮೇಲಿಟ್ಟು, "ಇದು ಯಾರ ವಿಭಾಗದ್ದೋ ಅವ್ರಿಗೇ ಕಪಾಟು, ನೋಡ್ರೀ" ಎಂದುಬಿಟ್ಟರು.

"ಭರಣೀವಾಸಿನಿ ಮೇಡಂ, ಕೇಳಿರಿ!" ಎಂದು ಮೇಷ್ಟ್ರು ಗರ್ಜಿಸಿದರು. "ಅಣಬೆಯ ಪಾಠ ಮಾಡುತ್ತಲೇ ತಲೆ ನರೆತವನು ನಾನು! ನೆಲದಿಂದೆದ್ದು ನಿಂತಲ್ಲೇ ನಿಲ್ಲುವುದೆಲ್ಲ ನನ್ನದು!"

"ನಿಂತಲ್ಲೇ ನಿಲ್ಲುವುದೆಲ್ಲ ಗಿಡವಾದರೆ ಸ್ಟಾಫ್ ರೂಮಿನ ಅರ್ಧ ಜನವೂ ಗಿಡಗಳೇ! ಇದಕ್ಕೆ ಹಸಿರಿದೆಯೇ? ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆಯೇ? ಕಂಡವರ ಅನ್ನ ತಿನ್ನುವ ಇದರ ಮೈಯಲ್ಲಿರುವುದು ನನ್ನ ಜೀರುಂಡೆಯ ಚಿಪ್ಪಿನಲ್ಲಿರುವ ಕೈಟಿನ್ನೇ!"

ಪೆಟ್ಟು ಬಲವಾಗಿಯೇ ಬಿತ್ತು. ಆದರೂ ಎದೆಗುಂದದ ಮೇಷ್ಟ್ರು ಪ್ರಭೇದದಿಂದ ಹೊರಟು, ಕುಲವನ್ನು ದಾಟಿ, ಕುಟುಂಬವನ್ನು ಭೇದಿಸಿ, ಗಣ, ವರ್ಗ, ವಿಭಾಗಗಳ ಬಾಗಿಲುಗಳನ್ನು ಲ್ಯಾಟಿನ್ ಹೆಸರುಗಳಿಂದ ಒದ್ದು ತೆರೆಯುತ್ತ, ಬೆಳಗಿನಿಂದ ಮಧ್ಯಾಹ್ನದ ಊಟದ ಗಂಟೆಯವರೆಗೂ ಹೊರಕ್ಕೆ ನುಗ್ಗಿದರು. ಕಟ್ಟಕಡೆಯ ಸಾಮ್ರಾಜ್ಯದ ಬಾಗಿಲಲ್ಲಿ ನಾಲಗೆ ತಡೆಯಿತು. ಅಣಬೆಯ ಪಾಠ ಸಸ್ಯಶಾಸ್ತ್ರದವರ ಪಾಲಿಗೆ ಬರುತ್ತಿದ್ದುದರಿಂದ ಅಣಬೆಯೇ ತಮ್ಮದೆಂದು ಅವರು ನಂಬಿಕೊಂಡಿದ್ದರು. ಆ ಪಾಠದ ಮೊದಲ ಸಾಲನ್ನು ಮಾತ್ರ ಮರೆತಿದ್ದರು; ಅದು ಈಗ ನೆನಪಾಯಿತು. ಸುಳ್ಳು ಹೇಳಿದರೆ ಕಪಾಟು, ನಿಜ ಹೇಳಿದರೆ ಗೆದ್ದಲು. ಅವರಿಗೆ ಅಳು ಬರುವಂತಾಯಿತು. ಆ ಸಾಲು ಗೊತ್ತಿದ್ದ ಮೇಡಂ ಕೂಡ ಕಿಟಕಿಯ ಕಡೆ ನೋಡತೊಡಗಿದರು.

"ಶಿಲೀಂಧ್ರದ ಸಾಮ್ರಾಜ್ಯಾನೇ ಬೇರೆ, ಸಾರ್," ಎಂದರು ಮೇಷ್ಟ್ರು ಮೆಲ್ಲಗೆ. "ಅದು ಗಿಡಾನೂ ಅಲ್ಲ, ಪ್ರಾಣೀನೂ ಅಲ್ಲ."

"ಹಂಗಾದ್ರೆ ಕಪಾಟು ಅಣಬೇದೇ ಆತಲ್ರೀ!" ಎಂದು ಪ್ರಿನ್ಸಿಪಾಲರು ಮೇಜಿನತ್ತ ತಿರುಗಿದರೆ, ಅಣಬೆಯೇ ಇಲ್ಲ! ಅದು ಕೆಲವೇ ಗಂಟೆಗಳಲ್ಲಿ ತನ್ನಷ್ಟಕ್ಕೆ ತಾನೇ ಕರಗುವ ಜಾತಿ. ವಾದ ಮುಗಿಯುವಷ್ಟರಲ್ಲಿ ಮಸಿಯಾಗಿ ಮೇಜಿನ ತುಂಬ ಹರಿದಿತ್ತು.

ಮೇಡಂ ಗಂಟಲು ಸರಿಮಾಡಿಕೊಂಡರು. "ಒಡೆಯ ತೀರಿಕೊಂಡ್ಮೇಲೆ ಆಸ್ತಿ ದಾಯಾದಿಗಳಿಗೇ ಅಲ್ವಾ ಸಾರ್? ಮೇಷ್ಟ್ರು ಮೇಲಿನ ಖಾನೆ ತಗೊಳ್ಳಿ, ಗೆದ್ದಲು ಹತ್ತಲ್ಲ. ನನ್ನ ಭರಣಿ ಭಾರ, ಕೆಳಗಿರ್ಲಿ."

ಹಾಲಪ್ಪ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮೇಡಂಗೆ ಕೈಮುಗಿದೇಬಿಟ್ಟರು.

"ಅದೆಲ್ಲ ಸರಿ, ನನ್ ಮೇಜು ಒರೆಸೋರು ಯಾರು?" ಎಂದರು ಪ್ರಿನ್ಸಿಪಾಲರು.

ಸಪ್ತದುರ್ಗವಿದಾರಣನಾದ ಆ ವೀರನು ತೋಳು ಮಡಚಿ, ಒದ್ದೆ ಬಟ್ಟೆಯನ್ನು ಕೈಗೆತ್ತಿಕೊಂಡು, ಆ ಮಸಿಯನ್ನು ಎಷ್ಟು ಉಜ್ಜಿದರೂ ಅದು ಹೋಗಲೊಲ್ಲದೆ, ಕೊನೆಗೆ ತಲೆಯೆತ್ತಿ ಕೇಳಿದನು:

"ಮೇಡಂ, ನಿಮ್ಮ ಲ್ಯಾಬಲ್ಲಿ ಸೋಪಿದೆಯಾ?"