ಅಟ್ಟದ ಮೇಲಿನ ಏಳನೆಯ ಪಾತ್ರೆ

ಮನೆ ಕೊಳೆಯಾಗಿದೆ ಎಂದು ಯಾರಿಗೂ ದಿನಾ ಅನ್ನಿಸುವುದಿಲ್ಲ. ಯುಗಾದಿಗೆ ಹತ್ತು ದಿನ ಉಳಿದಾಗ ಮಾತ್ರ ಇದ್ದಕ್ಕಿದ್ದಂತೆ ಎಲ್ಲರಿಗೂ ಜೇಡರ ಬಲೆ ಕಾಣತೊಡಗುತ್ತದೆ. ವರ್ಷವಿಡೀ ಅದೇ ಬಲೆಯ ಕೆಳಗೆ ಕುಳಿತು ಕಾಫಿ ಕುಡಿದವರು, ಜೇಡ ನಿನ್ನೆಯಷ್ಟೇ ಕದ್ದು ಬಂದು ನೇಯ್ದಿತೇನೋ ಎಂಬಂತೆ ಮುಖ ಸಿಂಡರಿಸುತ್ತಾರೆ. ನಾನೂ ಅವರಲ್ಲೊಬ್ಬಳು. ಒಂದೇ ವ್ಯತ್ಯಾಸವೆಂದರೆ ನಾನು ಬರೆದಿಡುತ್ತೇನೆ. ಹಾಲು ಉಕ್ಕಿದ್ದು, ಕರೆಂಟು ಹೋದದ್ದು, ಅಪ್ಪ "ಐದೇ ನಿಮಿಷ" ಎಂದು ಹೋಗಿ ಎಷ್ಟು ಹೊತ್ತಿಗೆ ಬಂದರು ಎನ್ನುವುದು, ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖಿದೆ.

ಈ ಸಲ ನಿಯಮವನ್ನೂ ಬರೆದೆ. ಒಂದು ವರ್ಷ ಮುಟ್ಟದ ವಸ್ತು ಮನೆಯಲ್ಲಿರಕೂಡದು. ಭಾನುವಾರ ಬೆಳಗ್ಗೆ ಎಂಟಕ್ಕೆ ಶುರು. ಊಟದ ಹೊತ್ತಿಗೆ ಅಪ್ಪ "ಇರ್ಲಿ ಬುಡು, ಯಾವತ್ತಾರ ಬೇಕಾಯ್ತದೆ" ಎಂದದ್ದು ಹತ್ತೊಂಬತ್ತು ಸಲ. ಹೊರಗೆಸೆದದ್ದು ಮೂರೇ ವಸ್ತು. ಅದರಲ್ಲೂ ಹಿಡಿಯಿಲ್ಲದ ಕೊಡೆಯನ್ನು ಅಪ್ಪ ಹಿತ್ತಲ ಬಾಗಿಲಿಂದ ವಾಪಸು ತಂದರು. ಸೋಮವಾರ ಕಂಬಳಿಗಳನ್ನು ಹೊಳೆಗೆ ಒಯ್ದು ಒಗೆದೆವು. ಒಯ್ದದ್ದು ಒಂಬತ್ತು, ತಂದದ್ದು ಹತ್ತು. ಹತ್ತನೆಯದು ಯಾರದೆಂದು ಇನ್ನೂ ಗೊತ್ತಾಗಿಲ್ಲ.

ಮಂಗಳವಾರ ಅಟ್ಟ. ಏಣಿ ಹತ್ತಿ ಪಾತ್ರೆ ಇಳಿಸುತ್ತಾ ಅವುಗಳ ಮೇಲೆ ಕೊರೆಸಿದ ಹೆಸರುಗಳನ್ನು ಓದಿದೆ. ನಲವತ್ತರಲ್ಲಿ ಏಳು ನಮ್ಮವಲ್ಲ. ಅಕ್ಕಪಕ್ಕದವರು ತಿಂಡಿ ಕಳಿಸಿದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಬೀದಿಯ ಕಟ್ಟಳೆ. ತುಂಬಿಸಿ ಕೊಡಲು ಏನಾದರೂ ಮಾಡುವವರೆಗೆ ಪಾತ್ರೆ ಕಾಯುತ್ತದೆ. ಮಾಡಿದ ದಿನ ಪಾತ್ರೆ ನೆನಪಾಗುವುದಿಲ್ಲ. ಹೀಗೆ ಮರ್ಯಾದೆಯ ಹೆಸರಿನಲ್ಲೇ ಬೀದಿಯವರೆಲ್ಲ ಒಬ್ಬರ ಪಾತ್ರೆ ಒಬ್ಬರು ದಕ್ಕಿಸಿಕೊಂಡಿದ್ದಾರೆ.

ಏಳನೆಯದು ನಾಲ್ಕು ಬಟ್ಟಲಿನ ಕ್ಯಾರಿಯರ್. "ಜಯಮ್ಮ, ಹಳೇಕೋಟೆ" ಎಂದಿತ್ತು. ಏಣಿಯ ಮೇಲೇ ನಿಂತು ಇನ್ನೊಂದು ಸಲ ಓದಿದೆ.

ಜಯಮ್ಮತ್ತೆ ಪಕ್ಕದ ಮನೆಯವರು, ಹಳೇಕೋಟೆ ಅವರ ತವರು. ಇಪ್ಪತ್ತು ವರ್ಷ ಅಮ್ಮನೊಡನೆ ಕಾಂಪೌಂಡ್ ಗೋಡೆಗೆ ಒರಗಿ ಹರಟಿದವರು ಹೋದ ಯುಗಾದಿ ಕಳೆದ ಮೇಲೆ ಮಾತು ಬಿಟ್ಟಿದ್ದರು. ಕಾರಣ ಇದೇ ಕ್ಯಾರಿಯರ್. ನಾಲ್ಕು ಜನರೆದುರು ಅವರು ಕೇಳಿದಾಗ ಅಮ್ಮ, "ಕೊಟ್ಟಾಯ್ತು ಜಯಕ್ಕ, ನನ್ ಮಗಳು ತಾರೀಖಾಕಿ ಬರ್ದವ್ಳೆ" ಎಂದು ನನ್ನ ಡೈರಿಯನ್ನೇ ತಂದು ತೋರಿಸಿದ್ದಳು. "ಕ್ಯಾರಿಯರ್ ವಾಪಸ್" ಎಂದಿತ್ತು, ಎದುರಿಗೆ ಟಿಕ್. "ಅಂಗಾರೆ ನಾನೇ ಸುಳ್ಳುಗಾತಿ ಅನ್ನು" ಎಂದು ಅವರು ಎದ್ದು ಹೋಗಿದ್ದರು.

ನನ್ನದೊಂದು ಪದ್ಧತಿಯಿದೆ. ಖಂಡಿತ ಮಾಡುವ ಕೆಲಸಕ್ಕೆ ಬೆಳಗ್ಗೆ ಪಟ್ಟಿ ಬರೆಯುವಾಗಲೇ ಟಿಕ್ ಹಾಕಿಬಿಡುತ್ತೇನೆ. ಮಾಡುವುದು ಹೇಗೂ ಇದ್ದದ್ದೇ. ಅವತ್ತೂ ಹಾಗೇ ಟಿಕ್ ಹಾಕಿದ್ದೆ, ಅಷ್ಟರಲ್ಲಿ ನೆಂಟರು ಬಂದರು. ಕಾಲಿಗೆ ಅಡ್ಡವಾಗಿದ್ದ ಕ್ಯಾರಿಯರನ್ನು ಅಟ್ಟಕ್ಕೇರಿಸಿದವಳೂ ನಾನೇ.

ಅಮ್ಮ ಕ್ಯಾರಿಯರ್ ಕೈಗೆ ತೆಗೆದುಕೊಂಡು ಹೆಸರು ಓದಿದಳು. "ಒಂದು ವರ್ಷ ನನ್ನ ಕಳ್ಳಿ ಮಾಡ್ದಲ್ಲೇ" ಎಂದಳು.

"ಈಗ್ಲೇ ಕೊಟ್ಬತ್ತೀನಿ."

"ಬರೀದಾ?"

ಮಾನ ಹೋದರೂ ಕಟ್ಟಳೆ ಹೋಗಬಾರದು. ಚಿತ್ರಾನ್ನ, ಕೋಸಂಬರಿ, ಆಂಬೊಡೆ, ಪಾಯಸ ನಾಲ್ಕು ಬಟ್ಟಲು ತುಂಬುವಷ್ಟರಲ್ಲಿ ಸಂಜೆಯಾಯಿತು.

ಜಯಮ್ಮತ್ತೆ ಬಾಗಿಲಲ್ಲಿ ನಿಂತು ಕ್ಯಾರಿಯರ್ ನೋಡಿದರು, ನನ್ನನ್ನು ನೋಡಿದರು. ಎಲ್ಲ ಒಪ್ಪಿಕೊಂಡೆ. "ಅಮ್ಮಂದೇನೂ ತಪ್ಪಿಲ್ಲ ಅತ್ತೆ."

"ನಿಮ್ಮವ್ವ ಸುಳ್ಳೇಳಾಕಿಲ್ಲ ಅಂತ ನಂಗೊತ್ತಿಲ್ವಾ? ಕೋರ್ಟಲ್ಲಿ ತೋರ್ಸ್ದಂಗೆ ಪುಸ್ತಕ ತೋರ್ಸುದ್ಲಲ್ಲ, ಅದ್ಕೇ ಉರ್ದೋಗಿದ್ದು!" ಎಂದವರೇ ಪಾಯಸದ ಬಟ್ಟಲು ಹಿಡಿದು ಗೋಡೆಯ ಬಳಿ ಹೋದರು. "ಸಾವಿತ್ರೀ, ಏಲಕ್ಕಿ ಸಾಲ್ದು ಕಣೇ!"

ಅಮ್ಮ ಆಚೆ ಕಾಯುತ್ತಲೇ ಇದ್ದಳೆಂದು ಕಾಣುತ್ತದೆ. "ವರ್ಷದಿಂದ ರುಚಿ ನೋಡೋಕೆ ನೀನೆಲ್ಲಿ ಬಂದೆ?"

ಮಾತು ಶುರುವಾಯಿತು. ದೀಪ ಹಚ್ಚುವ ಹೊತ್ತಾದರೂ ನಿಲ್ಲಲಿಲ್ಲ. ವಿಷಯ ಒಂದೇ, ನಾನು.

"ಜಯಕ್ಕ, ನಿಮ್ಮ ಅಟ್ಟಾನೂ ಇವ್ಳ ಕೈಲೇ ಇಳಿಸ್ಕೊ. ಪಟ್ಟಿ ಮಾಡ್ಕೊಡ್ತಾಳೆ."

"ಬ್ಯಾಡ ಕಣ್ ತಾಯಿ! ನಮ್ಮನೇಲಿ ಏನೇನೈತೆ ಅಂತ ಸದ್ಯಕ್ಕೆ ನಂಗೊತ್ತೈತೆ. ಅಂಗೇ ಇರ್ಲಿ."

ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ಇಪ್ಪತ್ತು ವರ್ಷದ ಸ್ನೇಹವನ್ನು ಕೆಡಿಸಿದ್ದು ನಾನು, ಕೂಡಿಸಿದ್ದೂ ನಾನೇ. ಅವತ್ತಿನ ಪುಟದಲ್ಲಿ ಎರಡನೆಯದನ್ನು ಮಾತ್ರ ಬರೆದುಕೊಂಡೆ.